ಸೋಲನ್ನು ಎಣಿಸುವ ವೃತ್ತಿ

ಚೆಸ್‌ನ ಬಳಗಕ್ಕೆ ಸೇರಿದ ಜಪಾನಿನ ಮಣೆಯಾಟ ಶೋಗಿಯ ದಾಖಲೆಗಳಲ್ಲಿ ಒಂದು ಅಂಕಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ: 1180. ಕಾಟೋ ಹಿಫುಮಿ ಎಂಬ ಆಟಗಾರರು ತಮ್ಮ ವೃತ್ತಿಜೀವನದಲ್ಲಿ ಸೋತ ಅಧಿಕೃತ ಆಟಗಳ ಸಂಖ್ಯೆ ಅದು. 1954ರ ಆಗಸ್ಟ್‌ನಿಂದ 2017ರ ಜೂನ್‌ವರೆಗೆ ಒಟ್ಟು 2505 ಆಟ. ಗೆದ್ದದ್ದು 1324, ಸೋತದ್ದು 1180, ಒಂದು ಸಮ. ಅವರು ನಿವೃತ್ತರಾದಾಗ ಅವರಷ್ಟು ಸೋತ ವೃತ್ತಿಪರ ಆಟಗಾರ ಇನ್ನೊಬ್ಬರಿರಲಿಲ್ಲ. ಶೋಗಿಯ ಬಗ್ಗೆ ನಮ್ಮ ಕಡೆ ಸ್ವಲ್ಪವಾದರೂ ಕೇಳಿದವರಿಗೆ ಗೊತ್ತಿರುವ ಅಂಕಿ ಬೇರೆ. ಹದಿನಾಲ್ಕು ವರ್ಷದ ಫುಜಿಯಿ ಸೋಟಾ ವೃತ್ತಿಗೆ ಬಂದವರೇ ಸತತ 29 ಆಟ ಗೆದ್ದರಲ್ಲ, ಆ 29. ಅವುಗಳಲ್ಲಿ ಮೊದಲನೆಯ ಆಟ ನಡೆದದ್ದು 2016ರ ಡಿಸೆಂಬರ್ 24ರಂದು. ಎದುರಿಗೆ ಕೂತಿದ್ದವರು ಇದೇ ಕಾಟೋ, ಆಗ ಅವರಿಗೆ 76 ವರ್ಷ. ಪತ್ರಿಕೆಗಳು ಹುಡುಗನ ಗೆಲುವನ್ನು ಬರೆದವು, ಬರೆಯಬೇಕಾದದ್ದೇ. ಆದರೆ ಶೋಗಿ ಆಟಗಾರನ ಬದುಕು ಎಂಥದ್ದು ಎಂದು ಯಾರಾದರೂ ಕೇಳಿದರೆ, ಆ ದಿನ ಸೋತು ತಲೆಬಾಗಿದವರ ಕಡೆಗೇ ನಾನು ಕೈ ತೋರಿಸುತ್ತೇನೆ.

ಚೆಸ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಒಮ್ಮೆ ಬಂದರೆ ಸಾಯುವ ತನಕ ಇರುತ್ತದೆ. ರೇಟಿಂಗ್ ಏರಬಹುದು, ಇಳಿಯಬಹುದು. ಆದರೆ ಯಾರೂ ಬಂದು ‘ನಿನ್ನ ಆಟ ಇಲ್ಲಿಗೆ ಮುಗಿಯಿತು’ ಎನ್ನುವುದಿಲ್ಲ. ನಲವತ್ತರಲ್ಲಿ ಶುರು ಮಾಡಿದರೂ ಬೇಡ ಎನ್ನುವವರಿಲ್ಲ. ಜಪಾನಿನ ವೃತ್ತಿಪರ ಶೋಗಿಯಲ್ಲಿ ಹಾಗಲ್ಲ. ಅಲ್ಲಿ ಒಳಗೆ ಹೋಗುವ ಬಾಗಿಲೂ ಒಂದು ವಯಸ್ಸಿಗೆ ಮುಚ್ಚುತ್ತದೆ, ಹೊರಗೆ ಕಳಿಸುವ ಬಾಗಿಲೂ ಒಂದು ಲೆಕ್ಕಕ್ಕೆ ತೆರೆಯುತ್ತದೆ. ಆ ಲೆಕ್ಕ ಬಹುಪಾಲು ಸೋಲಿನದು. ಎಷ್ಟು ಸೋತೆ ಅನ್ನುವುದಷ್ಟೇ ಅಲ್ಲ. ಯಾವಾಗ ಸೋತೆ, ಯಾರ ಕೆಳಗಿದ್ದಾಗ ಸೋತೆ ಅನ್ನುವುದೂ ಅದರಲ್ಲಿ ಸೇರಿದೆ.

ಹದಿನೆಂಟು ಆಟ, ಎರಡು ಸ್ಥಾನ

ವೃತ್ತಿಪರನಾಗಲು ಹೊರಟ ಮಗು ಮೊದಲು ಸೇರಬೇಕಾದದ್ದು ಶೋರೇಕಾಯಿ. ಇದನ್ನು ತರಬೇತಿ ಶಾಲೆ ಎಂದು ಬರೆಯುವುದುಂಟು, ಆದರೆ ಅಲ್ಲಿ ಯಾರೂ ಪಾಠ ಹೇಳುವುದಿಲ್ಲ. ಅಲ್ಲಿರುವುದು ಆಟ ಮಾತ್ರ. ಸೇರಲು ಒಬ್ಬ ವೃತ್ತಿಪರ ಆಟಗಾರರು ಗುರುವಾಗಿ ನಿಂತು ಶಿಫಾರಸು ಮಾಡಬೇಕು. ಆಗಸ್ಟ್‌ನಲ್ಲಿ ಪ್ರವೇಶ ಪರೀಕ್ಷೆ. ಹೆಚ್ಚಿನವರು 6ನೇ ಕ್ಯೂ ದರ್ಜೆಯಲ್ಲಿ ಸೇರುತ್ತಾರೆ (ಕ್ಯೂ 6ರಿಂದ 1ಕ್ಕೆ ಇಳಿಯುತ್ತಾ ಹೋಗುತ್ತದೆ, ಅದರ ಮೇಲೆ 1ರಿಂದ ಏರುವ ದಾನ್ ದರ್ಜೆಗಳು), ವಯಸ್ಸು ಹತ್ತರಿಂದ ಹದಿನಾಲ್ಕರೊಳಗೆ. ತಿಂಗಳಿಗೆ ಎರಡು ದಿನ, ದಿನಕ್ಕೆ ಮೂರು ಆಟ. ಮುಂದಿನ ದರ್ಜೆಗೆ ಹೋಗಲು ಸತತ 6 ಗೆಲುವು ಬೇಕು, ಇಲ್ಲವಾದರೆ 9 ಗೆದ್ದು 3 ಸೋಲು, 11ಕ್ಕೆ 4, 13ಕ್ಕೆ 5, 15ಕ್ಕೆ 6. ಮೊದಲನೆಯ ದಾನ್ ಮುಟ್ಟಿದ ಮೇಲೆ ದಿನಕ್ಕೆ ಎರಡೇ ಆಟ, ಶರತ್ತು ಇನ್ನೂ ಬಿಗಿ: ಸತತ 8, ಅಥವಾ 12ಕ್ಕೆ 4, 14ಕ್ಕೆ 5, 16ಕ್ಕೆ 6, 18ಕ್ಕೆ 7. 2 ಗೆದ್ದು 8 ಸೋತರೆ ಎಚ್ಚರಿಕೆ. ಮತ್ತೆ ಹಾಗೇ ಆದರೆ ಒಂದು ದರ್ಜೆ ಕೆಳಗೆ. ಈ ಅಂಕಿಗಳನ್ನು ಭಾಗಿಸಿ ನೋಡಿ. ಹತ್ತಿರಹತ್ತಿರ ನಾಲ್ಕರಲ್ಲಿ ಮೂರು ಗೆಲ್ಲಬೇಕು, ಅದೂ ತನ್ನಂತೆಯೇ ತಂತಮ್ಮ ಊರಿನ ದೊಡ್ಡವರನ್ನೆಲ್ಲ ಸೋಲಿಸಿ ಬಂದ ಮಕ್ಕಳ ಎದುರು. ಊರಿನಲ್ಲಿ ಸೋಲೇ ಕಾಣದ ಹುಡುಗ ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ಆರು ಆಟದಲ್ಲಿ ಐದು ಸೋಲುವುದು ಮಾಮೂಲು. ಮೊದಲ ಪೆಟ್ಟು ಬೀಳುವುದು ಅಲ್ಲಿ.

21 ತುಂಬುವುದರೊಳಗೆ ಮೊದಲ ದಾನ್ ಆಗದಿದ್ದರೆ ಹೊರಗೆ. ಆದರೆ ನಿಜವಾದ ಕಂದಕ ಇರುವುದು 3ನೇ ದಾನ್‌ನಲ್ಲಿ. ಅಲ್ಲಿ ಗೆಲುವಿನ ಪ್ರಮಾಣದ ಲೆಕ್ಕ ಹೋಗಿ ಲೀಗ್ ಬರುತ್ತದೆ. ವರ್ಷಕ್ಕೆ ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಮೂವತ್ತು ನಲವತ್ತು ಜನ, ಒಬ್ಬೊಬ್ಬರಿಗೆ 18 ಆಟ. ಮೊದಲ ಇಬ್ಬರು 4ನೇ ದಾನ್, ಅಂದರೆ ವೃತ್ತಿಪರರು. ಹೀಗೆ ವರ್ಷಕ್ಕೆ ನಾಲ್ವರು. ಮೂರನೆಯ ಸ್ಥಾನ ಬಂದವರಿಗೆ ಒಂದು ‘ಜಿತೆನ್’ ಅಂಕ. ಎರಡು ಸಲ ಮೂರನೆಯವರಾದರೆ ವೃತ್ತಿಗೆ ಬರುವ ಹಕ್ಕು ಸಿಗುತ್ತದೆ, ಆದರೆ ‘ಫ್ರೀ ಕ್ಲಾಸ್’ ಎಂಬ ಹಿಂಬಾಗಿಲಿನಿಂದ. ವಯಸ್ಸಿನ ಮಿತಿ 26. ಆ ಹುಟ್ಟುಹಬ್ಬ ಬೀಳುವ ಲೀಗ್ ಮುಗಿಯುವುದರೊಳಗೆ ಮೇಲೆ ಹೋಗದಿದ್ದರೆ ಹೊರಡಬೇಕು. ಆ ಕೊನೆಯ ಲೀಗ್‌ನಲ್ಲಿ ಸೋಲಿಗಿಂತ ಗೆಲುವು ಹೆಚ್ಚಿದ್ದರೆ ಮುಂದಿನದಕ್ಕೂ ಉಳಿಯಬಹುದು. ಹಾಗೆ ಒಂದೊಂದೇ ಅರ್ಧವರ್ಷ ತಳ್ಳುತ್ತಾ 29ರ ತನಕ ಎಳೆಯಬಹುದು, ಅದರಾಚೆ ಇಲ್ಲ.

ಈ ಲೀಗ್‌ನಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಕ್ರಮಸಂಖ್ಯೆ. ಹಿಂದಿನ ಲೀಗ್‌ನಲ್ಲಿ ಎಷ್ಟನೆಯವರಾಗಿದ್ದರು ಎಂಬುದರ ಮೇಲೆ ಪ್ರತಿಯೊಬ್ಬರಿಗೂ ಒಂದು ಸ್ಥಾನ. ಹೊಸದಾಗಿ ಬಂದವರು ಪಟ್ಟಿಯ ತಳದಲ್ಲಿ. ಇಬ್ಬರು ಒಂದೇ ಅಂಕ ಗಳಿಸಿದರೆ ಅವರ ನಡುವೆ ಮತ್ತೊಂದು ಆಟ ಇಲ್ಲ. ಪಟ್ಟಿಯಲ್ಲಿ ಮೇಲಿದ್ದವರೇ ಹೋಗುತ್ತಾರೆ. ಅಂದರೆ ತಳದಲ್ಲಿದ್ದವರು ಪ್ರಾಯೋಗಿಕವಾಗಿ ಒಂದು ಸೋಲನ್ನು ಹೊತ್ತುಕೊಂಡೇ ಮೊದಲ ದಿನ ಬೋರ್ಡಿನ ಮುಂದೆ ಕೂರುತ್ತಾರೆ. ಎರಡು ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟರೆ ಇದು ಅರ್ಥವಾಗುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಫುಜಿಯಿ ಸೋಟಾ 13 ಗೆದ್ದು 5 ಸೋತು ಮೊದಲಿಗರಾದರು. 12 ಗೆದ್ದು 6 ಸೋತ ಓಹಾಶಿ ತಕಾಹಿರೊ ಎರಡನೆಯವರಾಗಿ ಜೊತೆಗೆ ವೃತ್ತಿಗೆ ಬಂದರು. 2020ರ ಮಾರ್ಚ್‌ನಲ್ಲಿ ಮುಗಿದ ಲೀಗ್‌ನಲ್ಲಿ ನಿಶಿಯಾಮಾ ತೊಮೊಕಾ 14 ಗೆದ್ದು 4 ಸೋತರು. ಅಷ್ಟೇ ಅಂಕ ಗಳಿಸಿದ ಹತ್ತೋರಿ ಶಿನ್‌ಇಚಿರೊ ಪಟ್ಟಿಯಲ್ಲಿ ಅವರಿಗಿಂತ ಮೇಲಿದ್ದರು. ನಿಶಿಯಾಮಾ ಮೂರನೆಯವರಾದರು. ಶೋರೇಕಾಯಿ ದಾಟಿ ವೃತ್ತಿಪರ ಆಟಗಾರ್ತಿಯಾದ ಹೆಣ್ಣು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಫುಜಿಯಿಯವರಿಗಿಂತ ಒಂದು ಸೋಲು ಕಡಿಮೆ, ಓಹಾಶಿಯವರಿಗಿಂತ ಎರಡು ಕಡಿಮೆ. ಆದರೂ ಬಾಗಿಲು ತೆರೆಯಲಿಲ್ಲ. ಬೇರೆ ಬೇರೆ ಲೀಗ್‌ಗಳನ್ನು ಹೀಗೆ ಹೋಲಿಸಬಾರದು, ಎದುರಾಳಿಗಳು ಬೇರೆ ಎಂದು ಹೇಳುವವರಿದ್ದಾರೆ, ಅದು ಸರಿಯೇ. ಆದರೆ ಅದೇ ಲೀಗ್‌ನಲ್ಲಿ ಅದೇ ಅಂಕ ಗಳಿಸಿದ ಇಬ್ಬರನ್ನು ಹೋಲಿಸಬಹುದಲ್ಲ.

ದಾನ್ ಇಳಿಯುವುದಿಲ್ಲ, ವರ್ಗ ಇಳಿಯುತ್ತದೆ

ಒಳಗೆ ಬಂದ ಮೇಲೆ ಎರಡು ಏಣಿ. ಒಂದು ದಾನ್. 4ನೇ ದಾನ್‌ನಲ್ಲಿ 100 ಆಟ ಗೆದ್ದರೆ 5, ಅಲ್ಲಿಂದ 120 ಗೆದ್ದರೆ 6, ಮತ್ತೆ 150ಕ್ಕೆ 7, 190ಕ್ಕೆ 8, 250ಕ್ಕೆ 9. ಪ್ರಶಸ್ತಿ ಗೆದ್ದರೆ, ವರ್ಗ ಏರಿದರೆ ಇದಕ್ಕಿಂತ ಬೇಗ ಆಗುತ್ತದೆ. ಇದರಲ್ಲಿ ಸೋಲಿಗೆ ಲೆಕ್ಕವೇ ಇಲ್ಲ, ಇಳಿತವೂ ಇಲ್ಲ. ಹೊರಗಿನವರು ಆಟಗಾರನ ಹೆಸರಿನ ಮುಂದೆ ನೋಡುವುದು ಈ ದಾನ್ ಅನ್ನು. ಆದರೆ ಆಟಗಾರರ ಬದುಕು ನಡೆಯುವುದು ಇನ್ನೊಂದು ಏಣಿಯ ಮೇಲೆ, ಜುನ್‌ಇಸೆನ್ ಎಂಬ ಶ್ರೇಣಿ ಪಂದ್ಯಾವಳಿಯ ಮೇಲೆ. ಸಿ-2, ಸಿ-1, ಬಿ-2, ಬಿ-1, ಎ ಎಂದು ಐದು ವರ್ಗ. ಹೊಸಬರೆಲ್ಲ ಸಿ-2ರಲ್ಲಿ ಶುರು ಮಾಡಬೇಕು. ಎಷ್ಟೇ ಪ್ರತಿಭೆ ಇರಲಿ, ವರ್ಷಕ್ಕೆ ಒಂದೇ ಮೆಟ್ಟಿಲು. ಎ ವರ್ಗದ ಹತ್ತು ಜನರಲ್ಲಿ ಮೊದಲಿಗರಾದವರಿಗೆ ಮಾತ್ರ ಶೋಗಿಯ ಪ್ರಮುಖ ಪಟ್ಟವಾದ ಮೇಯ್ಜಿನ್‌ಗೆ ಸವಾಲು ಹಾಕುವ ಹಕ್ಕು. ಹಾಗಾಗಿ ವೃತ್ತಿಗೆ ಬಂದವರು ಒಂದು ವರ್ಷವೂ ಎಡವದಿದ್ದರೂ ಮೇಯ್ಜಿನ್ ಎದುರು ಕೂರಲು ಐದು ವರ್ಷ ಬೇಕು. ಪಂದ್ಯಾವಳಿಯ ಹಣ ಬರುವುದು ಪತ್ರಿಕೆಗಳಿಂದ. ಮೇಯ್ಜಿನ್ ಪಂದ್ಯವನ್ನು ಅಸಾಹಿ ಮತ್ತು ಮೈನಿಚಿ ಜಂಟಿಯಾಗಿ ನಡೆಸುತ್ತವೆ, ರ್ಯೂಓ ಎಂಬ ಇನ್ನೊಂದು ಪಟ್ಟದ ಪಂದ್ಯವನ್ನು ಯೊಮಿಯುರಿ. ಪತ್ರಿಕೆಗಳು ದಿನವೂ ಆಟದ ನಡೆಗಳನ್ನು ಅಂಕಣವಾಗಿ ಅಚ್ಚು ಹಾಕುತ್ತವೆ. ಆಟಗಾರರ ನಿಯಮಿತ ವರಮಾನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಒಂದು ಮೆಟ್ಟಿಲು ಜಾರಿದರೆ ಮನೆಯ ಲೆಕ್ಕವೂ ಜಾರುತ್ತದೆ.

ಇಲ್ಲೂ ಕ್ರಮಸಂಖ್ಯೆಯ ಆಟ ಇದೆ. 2018-19ರ ಸಾಲಿನಲ್ಲಿ ಫುಜಿಯಿ ಸಿ-1 ವರ್ಗದಲ್ಲಿ ಹತ್ತರಲ್ಲಿ ಒಂಬತ್ತು ಗೆದ್ದರು. ಸೋತದ್ದು ಫೆಬ್ರವರಿಯಲ್ಲಿ ಕೊಂಡೊ ಸೆಯ್‌ಯಾ ಎದುರು, ಒಂದೇ ಒಂದು ಆಟ. ಒಂದೇ ಸೋಲಿನವರು ಆ ವರ್ಷ ನಾಲ್ವರು; ಮೇಲೆ ಹೋಗಲು ಆಗ ಇದ್ದದ್ದು ಎರಡೇ ಸ್ಥಾನ. ಹಿಂದಿನ ವರ್ಷವಷ್ಟೇ ಬಂದ ಫುಜಿಯಿ ಪಟ್ಟಿಯಲ್ಲಿ ಕೆಳಗಿದ್ದರು, ಇನ್ನೊಂದು ವರ್ಷ ಅಲ್ಲೇ ಉಳಿದರು. ಹೋದ ಇಬ್ಬರಲ್ಲಿ ಒಬ್ಬರು ಕೊಂಡೊ, ಇನ್ನೊಬ್ಬರು ಫುಜಿಯಿಯವರ ಗುರು ಸುಗಿಮೊಟೊ ಮಸತಕಾ, ಆಗ ಅವರಿಗೆ ಐವತ್ತು ವರ್ಷ. ಗುರು ಶಿಷ್ಯ ಇಬ್ಬರೂ ಒಟ್ಟಿಗೆ ಏರುತ್ತಾರೆಂದು ಜನ ಕಾದಿದ್ದರು. 2023ರ ಜೂನ್ 1ರಂದು 20 ವರ್ಷ 10 ತಿಂಗಳ ಫುಜಿಯಿ ಅತಿ ಕಿರಿಯ ಮೇಯ್ಜಿನ್ ಆದದ್ದನ್ನು ಎಲ್ಲರೂ ಬರೆದರು. ಆ ಒಂದು ಸೋಲು ಇಲ್ಲದಿದ್ದರೆ ಸವಾಲಿನ ಹಕ್ಕು ಒಂದು ವರ್ಷ ಮೊದಲೇ ಬರುವ ಸಾಧ್ಯತೆ ಇತ್ತು ಎಂಬುದನ್ನು ಬರೆದವರು ಕಡಿಮೆ.

ಕೆಳಗಿನ ತುದಿಯಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಸಿ-2 ವರ್ಗದಲ್ಲಿ ವರ್ಷದ ಕೊನೆಗೆ ಪಟ್ಟಿಯ ತಳದ ಸುಮಾರು ಐದರಲ್ಲೊಂದು ಪಾಲು ಆಟಗಾರರಿಗೆ ಒಂದೊಂದು ಇಳಿಕೆ ಅಂಕ ಬೀಳುತ್ತದೆ. ಮೂರು ಅಂಕ ಸೇರಿದರೆ ವರ್ಗದಿಂದ ಹೊರಗೆ, ಫ್ರೀ ಕ್ಲಾಸ್‌ಗೆ. ಒಳ್ಳೆಯ ವರ್ಷ ಬಂದರೆ ಅಂಕ ಅಳಿಸಬಹುದು, ಆದರೆ ಸಿ-2ರಲ್ಲಿ ಬಿದ್ದ ಮೊದಲ ಅಂಕ ಅಳಿಯುವುದಿಲ್ಲ. ಫ್ರೀ ಕ್ಲಾಸ್‌ಗೆ ಬಿದ್ದವರು ಬೇರೆ ಪಂದ್ಯಾವಳಿಗಳಲ್ಲಿ ಆಡಬಹುದು, ಜುನ್‌ಇಸೆನ್ ಮಾತ್ರ ಇಲ್ಲ. ಹತ್ತು ವರ್ಷದೊಳಗೆ ಇತ್ತೀಚಿನ 30ಕ್ಕೂ ಹೆಚ್ಚು ಆಟಗಳಲ್ಲಿ ಶೇಕಡಾ 65ರಷ್ಟು ಗೆದ್ದು ತೋರಿಸುವಂಥ ಶರತ್ತು ಪೂರೈಸಿದರೆ ಸಿ-2ಕ್ಕೆ ವಾಪಸ್. ಆಗದಿದ್ದರೆ ನಿವೃತ್ತಿ. ಸಿ-2ರಲ್ಲೇ ತಿಣುಕಾಡುತ್ತಿದ್ದವರು ಫ್ರೀ ಕ್ಲಾಸ್‌ನಲ್ಲಿ ಹತ್ತರಲ್ಲಿ ಆರಕ್ಕಿಂತ ಹೆಚ್ಚು ಗೆಲ್ಲುವುದು ಹೇಗೆ? ಆಟಗಳೂ ಕಡಿಮೆ; ಹೆಚ್ಚಿನವು ಒಂದು ಸೋತರೆ ಮುಗಿಯುವ ನಾಕೌಟ್ ಸುತ್ತುಗಳು. ಮೂವತ್ತು ಆಟ ಸೇರಿಸುವುದಕ್ಕೇ ವರ್ಷಗಳು ಬೇಕು. ವಾಪಸ್ ಬಂದವರು ವಿರಳ ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ಇಂಥ ವ್ಯವಸ್ಥೆಯಲ್ಲಿ ಒಂದು ಕೆಟ್ಟ ಆಸೆ ಹುಟ್ಟುವುದು ಸಹಜ. ವರ್ಷದ ಕೊನೆಯ ಸುತ್ತಿನಲ್ಲಿ ನನಗೆ ಏನೂ ಆಗಬೇಕಾಗಿಲ್ಲ, ಎದುರಿಗಿರುವವರಿಗೆ ಜೀವನ್ಮರಣದ ಪ್ರಶ್ನೆ. ಸ್ವಲ್ಪ ಸಡಿಲ ಬಿಟ್ಟರೆ ಏನು? ಇದಕ್ಕೆ ಆಟಗಾರ ಯೊನೆನಾಗಾ ಕುನಿಯೊ ಕೊಟ್ಟ ಉತ್ತರ ಇಂದಿಗೂ ಆಟಗಾರರ ನಡುವೆ ಶಾಸನದಂತಿದೆ: ತನಗೆ ಏನೂ ಅಲ್ಲದ, ಎದುರಾಳಿಗೆ ಎಲ್ಲವೂ ಆಗಿರುವ ಆಟವನ್ನೇ ಪೂರ್ತಿ ಶಕ್ತಿ ಹಾಕಿ ಆಡಬೇಕು. ಅವರು ಹೇಳಿ ಸುಮ್ಮನಾಗಲಿಲ್ಲ. 1970ರಲ್ಲಿ ಬಿ-1 ವರ್ಗದ ಕೊನೆಯ ಸುತ್ತಿನಲ್ಲಿ ಅವರ ಎದುರಿಗೆ 58 ವರ್ಷದ ಓನೊ ಗೆನ್‌ಇಚಿ ಇದ್ದರು. ಓನೊ ಗೆದ್ದಿದ್ದರೆ ಆ ವಯಸ್ಸಿನಲ್ಲಿ ಮತ್ತೆ ಎ ವರ್ಗ. ಯೊನೆನಾಗಾ ಅವರನ್ನು ಸೋಲಿಸಿದರು. ಅದರ ಲಾಭ ಹೋದದ್ದು ಯಾರಿಗೆ? ನಕಾಹರಾ ಮಕೊತೊಗೆ, ಯೊನೆನಾಗಾ ಮುಂದೆ ದಶಕಗಟ್ಟಲೆ ಹೋರಾಡಬೇಕಾಗಿ ಬಂದ ಪ್ರತಿಸ್ಪರ್ಧಿಗೆ. ಇದು ಕ್ರೂರ ಎನ್ನುವವರಿಗೆ ನನ್ನ ಮಾತು ಇಷ್ಟು: ಪ್ರತಿ ಸೋಲೂ ಒಬ್ಬರ ಬದುಕನ್ನು ಅಲ್ಲಾಡಿಸುವ ಕಡೆ, ಒಂದು ಸೋಲನ್ನಾದರೂ ದಯೆಯಿಂದ ಹಂಚಿದರೆ ಮಿಕ್ಕ ಎಲ್ಲ ಸೋಲುಗಳೂ ಸುಳ್ಳಾಗುತ್ತವೆ. ಆ ವರ್ಷ ಓನೊ ಅವರಿಗೆ ದಯೆ ತೋರಿದ್ದರೆ ನಕಾಹರಾ ಕಳೆದುಕೊಳ್ಳುತ್ತಿದ್ದದ್ದು ಯಾರ ತಪ್ಪಿಗೆ?

ಸೋತವರೇ ಹೇಳಬೇಕು

ಜುನ್‌ಇಸೆನ್ ಆಟ ಬೆಳಗ್ಗೆ 10ಕ್ಕೆ ಶುರು. ಬಹುಕಾಲದಿಂದ ತಲಾ 6 ಗಂಟೆಯ ಸಮಯ. ತಾತಾಮಿ ಚಾಪೆಯ ಕೋಣೆ, ನಡುವೆ ಕಾಲುಗಳಿರುವ ದಪ್ಪ ಮರದ ಮಣೆ, 9×9 ಮನೆ, ತಲಾ 20 ಕಾಯಿ. ಎರಡೂ ಕಡೆಯ ಕಾಯಿಗೆ ಒಂದೇ ಬಣ್ಣ. ಚೂಪು ತುದಿ ಯಾರ ಕಡೆ ತೋರಿಸುತ್ತದೋ ಅವರು ಎದುರಾಳಿ. ಹಿಡಿದ ಕಾಯಿಯನ್ನು ತನ್ನದಾಗಿ ಮತ್ತೆ ಇಡಬಹುದಾದ್ದರಿಂದ ಆಟ ಮುಂದುವರಿದಂತೆ ಕಾಯಿ ಕಡಿಮೆಯಾಗುವುದಿಲ್ಲ, ಬಿಸಿ ಮಾತ್ರ ಏರುತ್ತದೆ. ಚೆಸ್‌ನ ಹಾಗೆ ಕೊನೆಗೆ ನಾಲ್ಕು ಕಾಯಿ ಉಳಿದು ಡ್ರಾ ಆಗುವ ಸಮಾಧಾನ ಇಲ್ಲಿ ಹೆಚ್ಚುಕಡಿಮೆ ಇಲ್ಲ. ಒಂದೇ ಸ್ಥಿತಿ ನಾಲ್ಕು ಸಲ ಬಂದರೆ ಮೊದಲ ನಡೆ ಯಾರದೆಂಬುದನ್ನು ಅದಲುಬದಲು ಮಾಡಿ ಅಂದೇ ಮತ್ತೆ ಆಡುತ್ತಾರೆ. ಮಧ್ಯಾಹ್ನ ಊಟಕ್ಕೆ ಬಿಡುವು, ಸಂಜೆ 6ಕ್ಕೆ ಮತ್ತೆ ಬಿಡುವು. ನಡುರಾತ್ರಿಯ ಹೊತ್ತಿಗೆ ಇಬ್ಬರ ಸಮಯವೂ ಮುಗಿದು ಪ್ರತಿ ನಡೆಗೆ ಒಂದೇ ನಿಮಿಷ. ಪಕ್ಕದಲ್ಲಿ ಬೆಳಗಿನಿಂದ ಕೂತು ನಡೆ ಬರೆದುಕೊಳ್ಳುತ್ತಿರುವ ಶೋರೇಕಾಯಿಯ ಹುಡುಗ ಮೂವತ್ತು ಸೆಕೆಂಡ್, ನಲವತ್ತು, ಐವತ್ತು ಎಂದು ಕೂಗಿ ಆಮೇಲೆ ಒಂದು, ಎರಡು, ಮೂರು ಎಂದು ಎಣಿಸತೊಡಗುತ್ತಾನೆ. ಹತ್ತು ಬಂದರೆ ಸೋಲು.

ಆಟ ಮುಗಿಯುವುದು ರಾಜ ಸಿಕ್ಕಿಬಿದ್ದಾಗ ಅಲ್ಲ. ಸೋತವರು ಅದಕ್ಕೆ ಎಷ್ಟೋ ನಡೆ ಮೊದಲೇ ಕೊನೆಯನ್ನು ಕಂಡು, ಕೈಯಲ್ಲಿ ಹಿಡಿದಿಟ್ಟ ಕಾಯಿಗಳ ಮೇಲೆ ಅಂಗೈ ಇಟ್ಟು, ತಲೆಬಾಗಿ ‘ಸೋತೆ’ ಎಂದು ಬಾಯಿ ಬಿಟ್ಟು ಹೇಳಬೇಕು. ತೀರ್ಪುಗಾರರು ಬಂದು ಹೇಳುವುದಿಲ್ಲ. ಅಷ್ಟಕ್ಕೇ ಎದ್ದು ಹೋಗುವಂತೆಯೂ ಇಲ್ಲ. ಆಮೇಲೆ ಕಾನ್ಸೋಸೆನ್: ಇಬ್ಬರೂ ಅದೇ ಮಣೆಯ ಮೇಲೆ ಬರಿ ನೆನಪಿನಿಂದ ಆಟವನ್ನು ಹಿಂದಕ್ಕೆ ಬಿಚ್ಚಿ, ಎಲ್ಲಿ ತಪ್ಪಿತು ಎಂದು ಹುಡುಕುತ್ತಾರೆ. ಹೆಚ್ಚು ಮಾತನಾಡಬೇಕಾದವರು ಸೋತವರು. ರಾತ್ರಿ ಒಂದು ಗಂಟೆಯ ಮೇಲೆ, ವರ್ಗದಿಂದ ಜಾರಿದ್ದು ಖಚಿತವಾದ ಆಟವನ್ನು ಗೆದ್ದವನ ಜೊತೆ ಕೂತು ವಿವರಿಸುವುದು ಎಂಥ ಕೆಲಸ ಎಂದು ಊಹಿಸಿ. ತಪ್ಪುಗಳಲ್ಲಿ ಅತಿ ಬೆತ್ತಲೆಯಾದದ್ದು ‘ನಿಫು’. ತನ್ನ ಪದಾತಿ ಇರುವ ಲಂಬ ಸಾಲಿನಲ್ಲೇ ಇನ್ನೊಂದು ಪದಾತಿ ಇಟ್ಟರೆ ಆ ಕ್ಷಣವೇ ಸೋಲು. ಶೋಗಿ ಕಲಿಯುವ ಮಗುವಿಗೆ ಮೊದಲ ವಾರ ಹೇಳಿಕೊಡುವ ನಿಯಮ ಇದು. 2015ರ ಮಾರ್ಚ್‌ನಲ್ಲಿ ಎನ್‌ಎಚ್‌ಕೆ ಕಪ್‌ನ ಸೆಮಿಫೈನಲ್‌ನಲ್ಲಿ 8ನೇ ದಾನ್‌ನ ಹಶಿಮೊಟೊ ತಕಾನೊರಿ ಇದನ್ನು ಮಾಡಿ, ಇಟ್ಟ ಮರುಕ್ಷಣ ತಲೆ ಹಿಡಿದುಕೊಂಡದ್ದು ಟಿವಿಯಲ್ಲಿ ದೇಶವೆಲ್ಲ ನೋಡಿತು. ಅದು ತಿಳಿಯದೆ ಆದದ್ದಲ್ಲ. ನಡೆಗೆ ಮೂವತ್ತು ಸೆಕೆಂಡಿನ ಆಟದಲ್ಲಿ ಕಣ್ಣು ದಾಳಿ ನಡೆಯುವ ಮೂಲೆಯಲ್ಲೇ ಅಂಟಿಕೊಂಡಿರುತ್ತದೆ. ಅದೇ ಸಾಲಿನಲ್ಲಿ ದೂರದಲ್ಲಿ ಸುಮ್ಮನೆ ಕೂತ ಪದಾತಿ ಕಣ್ಣಿಗೆ ಬೀಳುವುದಿಲ್ಲ.

ಕಾಟೋ

ಈಗ ಆ 1180ಕ್ಕೆ ಬರೋಣ. 1940ರ ಜನವರಿ 1ರಂದು ಹುಟ್ಟಿದ ಕಾಟೋ 14 ವರ್ಷ 7 ತಿಂಗಳಿಗೆ ವೃತ್ತಿಪರರಾದರು. ಫುಜಿಯಿ 14 ವರ್ಷ 2 ತಿಂಗಳಿಗೆ ಬರುವ ತನಕ 62 ವರ್ಷ ಆ ದಾಖಲೆ ಮುರಿಯಲಿಲ್ಲ. ವರ್ಷಕ್ಕೊಂದು ಮೆಟ್ಟಿಲಿನಂತೆ ಏರಿ 18ರಲ್ಲಿ ಎ ವರ್ಗ. 20ರಲ್ಲಿ ಓಯಾಮಾ ಯಾಸುಹಾರು ಎದುರು ಮೇಯ್ಜಿನ್ ಪಂದ್ಯ, 4-1ರಿಂದ ಸೋಲು. ಆ ಪಟ್ಟ ಅವರ ಕೈಗೆ ಬಂದದ್ದು 42ರಲ್ಲಿ. 1982ರ ಆ ಪಂದ್ಯ ನಕಾಹರಾ ವಿರುದ್ಧ, ಏಳು ಆಟದಲ್ಲಿ ಮುಗಿಯಬೇಕಾದದ್ದು ಹತ್ತಕ್ಕೆ ಹೋಯಿತು: ಎರಡು ಆಟ ಪುನರಾವರ್ತನೆಯಿಂದ ರದ್ದು, ಒಂದು ಸಮ, ಮಿಕ್ಕದ್ದರಲ್ಲಿ 4-3. ಏಪ್ರಿಲ್‌ನಲ್ಲಿ ಶುರುವಾದದ್ದು ಜುಲೈ 31ರ ರಾತ್ರಿ ಮುಗಿಯಿತು. ಮುಂದಿನ ವರ್ಷವೇ 21 ವರ್ಷದ ತನಿಗಾವಾ ಕೋಜಿ ಅದನ್ನು ಕಿತ್ತುಕೊಂಡರು. 22 ವರ್ಷ ಕಾದು ಪಡೆದದ್ದು ಒಂದೇ ವರ್ಷ ಕೈಯಲ್ಲಿತ್ತು.

ಕಾಟೋ ಆಡುವುದನ್ನು ಕಂಡವರು ಮರೆಯದ ಸಂಗತಿಗಳಿವೆ. ಮಧ್ಯಾಹ್ನಕ್ಕೂ ರಾತ್ರಿಗೂ ಅನ್ನದ ಮೇಲೆ ಸುಟ್ಟ ಹಾವುಮೀನು ಹರಡಿದ ‘ಉನಾಜು’ ತರಿಸುವುದು. ಸೊಂಟದ ಕೆಳಕ್ಕೆ ಇಳಿಬಿದ್ದ ಟೈ. ಎದುರಾಳಿ ಎದ್ದು ಹೊರಗೆ ಹೋದಾಗ ಅವರ ಹಿಂದೆ ಹೋಗಿ ನಿಂತು ಮಣೆಯನ್ನು ಆ ಕಡೆಯಿಂದ ನೋಡುವುದು. ಜೀವನವಿಡೀ ಬಿಡದೆ ಆಡಿದ್ದು ಬೋಗಿನ್, ಬೆಳ್ಳಿ ಎಂಬ ಕಾಯಿಯನ್ನು ನೇರ ಮುನ್ನುಗ್ಗಿಸುವ ದಾಳಿ; ಅದನ್ನೇ ಆಡುತ್ತಾರೆಂದು ಎಲ್ಲರಿಗೂ ಗೊತ್ತು, ತಡೆಯುವ ಸಿದ್ಧತೆ ಮಾಡಿಕೊಂಡೇ ಬರುತ್ತಿದ್ದರು, ಆದರೂ ಅದನ್ನೇ ಆಡುತ್ತಿದ್ದರು. 1180ರಲ್ಲಿ ಎಷ್ಟೋ ಸೋಲು ಆ ಹಟದ ಬೆಲೆ ಎಂದು ನನಗನಿಸುತ್ತದೆ. 1324ರಲ್ಲಿ ಎಷ್ಟೋ ಗೆಲುವು ಅದರ ಫಲವೂ ಹೌದು.

ಓಯಾಮಾ ಎ ವರ್ಗದಿಂದ ಒಮ್ಮೆಯೂ ಇಳಿಯದೆ 1992ರಲ್ಲಿ 69ರ ವಯಸ್ಸಿನಲ್ಲಿ ಅದೇ ವರ್ಗದಲ್ಲಿದ್ದಾಗಲೇ ತೀರಿಕೊಂಡರು. ಯೊನೆನಾಗಾ ಎ ವರ್ಗ ಕಳೆದುಕೊಂಡ 1998ರಲ್ಲೇ ತಾವಾಗಿ ಫ್ರೀ ಕ್ಲಾಸ್‌ಗೆ ಸರಿದರು. ಒಮ್ಮೆ ಮೇಯ್ಜಿನ್ ಆಗಿದ್ದವರು ಕೆಳಗಿನ ವರ್ಗಗಳಲ್ಲಿ ಹುಡುಗರ ಕೈಲಿ ಸೋಲುತ್ತಾ ಕೂರುವುದು ಶೋಭೆಯಲ್ಲ ಎಂಬ ಭಾವನೆ ಆ ಲೋಕದಲ್ಲಿ ಇದ್ದೇ ಇತ್ತು. ಕಾಟೋ ಅದಕ್ಕೆ ಕಿವಿಗೊಡಲಿಲ್ಲ. ಎ ವರ್ಗದಲ್ಲಿ, ಮೇಯ್ಜಿನ್ ವರ್ಷವೂ ಸೇರಿ, 36 ಸಾಲು ಕಳೆದು 2002ರಲ್ಲಿ ಕೊನೆಯ ಸಲ ಇಳಿದರು. ಆಮೇಲೆ ಒಂದೊಂದೇ ಮೆಟ್ಟಿಲು ಕೆಳಗೆ, ಸಿ-2ರ ತನಕ. 2007ರಲ್ಲಿ ಸಾವಿರ ಸೋಲು ಮುಟ್ಟಿದ ಮೊದಲ ವೃತ್ತಿಪರರಾದರು. ಸಾವಿರ ಆಟ ಸೋಲಬೇಕಾದರೆ ಸಾವಿರ ಸಲ ಆಡುವ ಹಕ್ಕು ಉಳಿಸಿಕೊಂಡಿರಬೇಕು. ಈ ವ್ಯವಸ್ಥೆಯಲ್ಲಿ ಆ ಹಕ್ಕು ಉಳಿಯುವುದು ಗೆದ್ದರೆ ಮಾತ್ರ. ಆ ಅಂಕಿಯನ್ನು ಗೌರವದ ಅಂಕಿ ಎಂದು ನಾನು ನೋಡುವುದು ಅದಕ್ಕೆ.

2017ರ ಜನವರಿಯಲ್ಲಿ ಅವರ ಮೂರನೆಯ ಇಳಿಕೆ ಅಂಕ ಖಚಿತವಾಯಿತು. 60 ದಾಟಿದವರು ಸಿ-2ರಿಂದ ಬಿದ್ದರೆ ಅವರಿಗೆ ಫ್ರೀ ಕ್ಲಾಸ್ ಇಲ್ಲ, ನೇರ ನಿವೃತ್ತಿ. ಆದರೆ ಈಗಾಗಲೇ ಆರಂಭವಾದ ಪಂದ್ಯಾವಳಿಗಳಲ್ಲಿ ಉಳಿದ ಆಟಗಳನ್ನು ಮುಗಿಸಬಹುದು. ಗೆಲ್ಲುತ್ತಿರುವಷ್ಟು ದಿನ ವೃತ್ತಿ ಉಸಿರಾಡುತ್ತಿರುತ್ತದೆ. 77 ತುಂಬಿದ ಅದೇ ತಿಂಗಳಲ್ಲಿ ಒಂದು ಆಟ ಗೆದ್ದು, ಅಧಿಕೃತ ಆಟ ಗೆದ್ದ ಅತಿ ಹಿರಿಯ ಎನಿಸಿಕೊಂಡರು. ಒಂದೊಂದೇ ಪಂದ್ಯಾವಳಿ ಮುಗಿಯುತ್ತಾ ಬಂದು ಉಳಿದದ್ದು ರ್ಯೂಓ ಪಂದ್ಯದ 6ನೇ ಗುಂಪಿನ ಒಂದು ಆಟ. ಜೂನ್ 20, ಟೋಕಿಯೋದ ಸೆಂದಗಾಯಾದಲ್ಲಿನ ಶೋಗಿ ಭವನ, ಎದುರಿಗೆ 4ನೇ ದಾನ್‌ನ ಯುವಕ ತಕಾನೊ ಸತೋಶಿ. ಗೆದ್ದರೆ ಇನ್ನೊಂದು ಆಟ. ಹೊರಗೆ ಪತ್ರಕರ್ತರ ದಂಡೇ ನೆರೆದಿತ್ತು. ರಾತ್ರಿ ಎಂಟರ ಸುಮಾರಿಗೆ ಕಾಟೋ ಸೋಲು ಒಪ್ಪಿದರು. ಕಾನ್ಸೋಸೆನ್‌ಗೆ ಕೂರಲಿಲ್ಲ, ಪತ್ರಿಕಾಗೋಷ್ಠಿಯೂ ಇಲ್ಲ. ಟ್ಯಾಕ್ಸಿ ಹತ್ತಿ ಮನೆಗೆ ಹೋದರು. ಮಾತನಾಡಿದ್ದು ಹತ್ತು ದಿನ ಬಿಟ್ಟು, ಜೂನ್ 30ರಂದು. 63 ವರ್ಷದ ವೃತ್ತಿಯಲ್ಲಿ ಒಂದು ರಾತ್ರಿ ವಿವರಣೆ ಕೊಡದೆ ಎದ್ದು ಹೋದದ್ದನ್ನು ಆಕ್ಷೇಪಿಸುವವರಿದ್ದಾರೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಕಾನ್ಸೋಸೆನ್ ಇರುವುದು ಮುಂದಿನ ಆಟಕ್ಕಾಗಿ.

ಮುಚ್ಚಿದ ಬಾಗಿಲು ತಟ್ಟಿದವರು

26ಕ್ಕೆ ಹೊರಬಿದ್ದವರ ಕಥೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತಿತ್ತು. ಸೆಗಾವಾ ಶೋಜಿ 1984ರಲ್ಲಿ ಶೋರೇಕಾಯಿ ಸೇರಿ 1996ರಲ್ಲಿ ವಯಸ್ಸು ಮೀರಿ ಹೊರಬಂದವರು. ರಾತ್ರಿ ಕಾಲೇಜಿನಲ್ಲಿ ಕಾನೂನು ಓದಿ, ಕಂಪನಿ ಕೆಲಸಕ್ಕೆ ಸೇರಿ, ಹವ್ಯಾಸಿಯಾಗಿ ಆಡತೊಡಗಿದರು. 1999ರಲ್ಲಿ ಹವ್ಯಾಸಿಗಳ ಮೇಯ್ಜಿನ್. ವೃತ್ತಿಪರರ ಪಂದ್ಯಾವಳಿಗಳಲ್ಲಿ ಹವ್ಯಾಸಿಗಳಿಗೆ ಸಿಗುವ ಕೆಲವೇ ಅವಕಾಶಗಳಲ್ಲಿ ಶೇಕಡಾ 70ರ ಆಸುಪಾಸು ಗೆದ್ದರು. ಎ ವರ್ಗದ ಕುಬೊ ತೊಶಿಅಕಿಯವರನ್ನೂ ಸೋಲಿಸಿದರು. 2005ರಲ್ಲಿ ತಮ್ಮನ್ನು ವೃತ್ತಿಗೆ ಸೇರಿಸಿಕೊಳ್ಳಬೇಕೆಂದು ಜಪಾನ್ ಶೋಗಿ ಒಕ್ಕೂಟಕ್ಕೆ ಮನವಿ ಕೊಟ್ಟರು. ಮೇ 26ರಂದು ಆಟಗಾರರೇ ಮತ ಹಾಕಿದರು: ಪರ 129, ವಿರುದ್ಧ 52, ಖಾಲಿ ಚೀಟಿ 8. ವಿರೋಧಿಸಿದವರ ಮಾತನ್ನು ತಳ್ಳಿಹಾಕುವಂತಿಲ್ಲ. ಅದೇ ನಿಯಮಕ್ಕೆ ತಲೆಬಾಗಿ ಸುಮ್ಮನೆ ಹೊರಟುಹೋದವರಿಗೆ ಏನು ಹೇಳುವುದು ಎಂಬ ಪ್ರಶ್ನೆ ಅದು.

ಆರು ಆಟದ ಪರೀಕ್ಷೆ, ಮೂರು ಗೆದ್ದರೆ ಪಾಸ್. ಜುಲೈ 18ರ ಮೊದಲ ಆಟಕ್ಕೆ ಎದುರಿಗೆ ಕೂರಿಸಿದ್ದು ಒಬ್ಬ 3ನೇ ದಾನ್‌ನ ಹುಡುಗನನ್ನು, 17 ವರ್ಷದ ಸಾಟೊ ಅಮಾಹಿಕೊ. ಈ ಹುಡುಗ 2004ರಲ್ಲಿ, 16ರಲ್ಲೇ, ಎರಡನೆಯ ಸಲ ಮೂರನೆಯ ಸ್ಥಾನ ಪಡೆದು ಫ್ರೀ ಕ್ಲಾಸ್ ಮೂಲಕ ವೃತ್ತಿಪರನಾಗುವ ಹಕ್ಕು ಗಳಿಸಿ, ಅದನ್ನು ಬೇಡವೆಂದು ಲೀಗ್‌ನಲ್ಲೇ ಉಳಿದಿದ್ದ. ಮಣೆಯ ಒಂದು ಕಡೆ ಆ ಬಾಗಿಲನ್ನು ನಿರಾಕರಿಸಿದ 17ರ ಹುಡುಗ, ಇನ್ನೊಂದು ಕಡೆ ಅದೇ ಬಾಗಿಲಿನಿಂದ ಒಳಬರಲು ಕೆಲಸ, ಹೆಸರು ಎಲ್ಲವನ್ನೂ ಪಣಕ್ಕಿಟ್ಟ 35ರ ನೌಕರ. ಗೆದ್ದದ್ದು ಹುಡುಗ. ಮುಂದೆ 2016ರಲ್ಲಿ ಇದೇ ಸಾಟೊ ಹಬು ಯೊಶಿಹಾರು ಅವರನ್ನು ಸೋಲಿಸಿ ಮೇಯ್ಜಿನ್ ಆದರು. ಸೆಗಾವಾ ಎರಡನೆಯ ಆಟ ಕಾಂಕಿ ಹಿರೊಮಿತ್ಸು ಎದುರು ಗೆದ್ದರು, ಮೂರನೆಯದನ್ನು ಕುಬೊ ಎದುರು ಸೋತರು, ನಾಲ್ಕನೆಯದರಲ್ಲಿ ಮಹಿಳೆಯರದೇ ಆದ ಪ್ರತ್ಯೇಕ ವೃತ್ತಿಪರ ವಿಭಾಗದ ಆಟಗಾರ್ತಿ ನಕಾಯಿ ಹಿರೋಯೆ ಎದುರು ಗೆದ್ದರು. ನವೆಂಬರ್ 6ರಂದು ಐದನೆಯ ಆಟದಲ್ಲಿ ತಕಾನೊ ಹಿದೆಯುಕಿಯವರನ್ನು ಸೋಲಿಸಿ ವೃತ್ತಿಪರರಾದರು. ಫ್ರೀ ಕ್ಲಾಸ್‌ನ ಹತ್ತು ವರ್ಷದ ಗಡಿಯಾರ ಅಂದೇ ಓಡತೊಡಗಿತು; 2009ರಲ್ಲಿ ಅವರು ಸಿ-2 ಸೇರಿದರು.

ಅವರ ನಂತರ ಇದು ನಿಯಮವೇ ಆಯಿತು. ವೃತ್ತಿಪರರ ಎದುರು ಇತ್ತೀಚಿನ ಅಧಿಕೃತ ಆಟಗಳಲ್ಲಿ ಕನಿಷ್ಠ 10 ಗೆಲುವು, ಶೇಕಡಾ 65 ಯಶಸ್ಸು ತೋರಿಸಿದ ಹವ್ಯಾಸಿಗಳು ಮತ್ತು ಮಹಿಳಾ ಆಟಗಾರ್ತಿಯರು 5 ಲಕ್ಷ ಯೆನ್ ಶುಲ್ಕ ಕಟ್ಟಿ ಪರೀಕ್ಷೆಗೆ ಕೂರಬಹುದು. ಎದುರಾಳಿಗಳು ಆಗತಾನೆ ವೃತ್ತಿಗೆ ಬಂದ ಐವರು, ತಿಂಗಳಿಗೊಂದು ಆಟ, ಮೂರು ಗೆಲ್ಲಬೇಕು. 2014ರಲ್ಲಿ ಇಮಾಇಜುಮಿ ಕೆಂಜಿ, ಶೋರೇಕಾಯಿಯಿಂದ ಎರಡು ಸಲ ಹೊರಬಿದ್ದು ವೃದ್ಧರ ಆರೈಕೆಯ ಕೆಲಸ ಮಾಡುತ್ತಿದ್ದವರು, 41ರಲ್ಲಿ ಪಾಸಾದರು. 2018ರಲ್ಲಿ ಟಿವಿ ಪಂದ್ಯದಲ್ಲಿ ಫುಜಿಯಿಯವರನ್ನೂ ಸೋಲಿಸಿದರು. 2023ರಲ್ಲಿ ಪಾಸಾದ ಕೊಯಾಮಾ ರೆಯೊ ಶೋರೇಕಾಯಿಯ ಹೊಸಿಲನ್ನೇ ತುಳಿಯದವರು.

ಮತ್ತು ನಿಶಿಯಾಮಾ. 2021ರಲ್ಲಿ ಶೋರೇಕಾಯಿ ಬಿಟ್ಟು ಮಹಿಳಾ ವೃತ್ತಿಗೆ ಸೇರಿದ ಅವರು 2024ರ ಸೆಪ್ಟೆಂಬರ್‌ನಲ್ಲಿ ಈ ಪರೀಕ್ಷೆಗೆ ಕೂತರು. ನಾಲ್ಕು ಆಟಕ್ಕೆ 2-2. 2025ರ ಜನವರಿ 22ರ ಕೊನೆಯ ಆಟದಲ್ಲಿ ಎದುರಿಗಿದ್ದವರು ಮಸೆಗಿ ಕಾಂಟಾ, 2023ರಲ್ಲಿ ಎರಡು ಸಲ ಮೂರನೆಯ ಸ್ಥಾನದ ಹಕ್ಕಿನಿಂದ ಫ್ರೀ ಕ್ಲಾಸ್‌ಗೆ ಬಂದವರು. ಅಂಥ ಒಂದು ಮೂರನೆಯ ಸ್ಥಾನ ನಿಶಿಯಾಮಾ ಅವರ ಬಳಿಯೂ ಇತ್ತು, ಎರಡನೆಯದು ಇರಲಿಲ್ಲ. ಮಸೆಗಿ ಪೂರ್ತಿ ಶಕ್ತಿ ಹಾಕಿ ಆಡಿದರು, ಗೆದ್ದರು. ಅವರು ಮಾಡಬೇಕಾದದ್ದೂ ಅದೇ. ನನ್ನ ತಕರಾರು ಅವರ ಮೇಲಲ್ಲ, ಕ್ರಮಸಂಖ್ಯೆಯ ಮೇಲೆ. ಎ ವರ್ಗದಲ್ಲಿ ಇಬ್ಬರು ಸಮ ಅಂಕದಿಂದ ಮೊದಲಿಗರಾದರೆ ಪ್ಲೇಆಫ್ ಆಡಿಸುತ್ತಾರೆ. 2018ರಲ್ಲಿ ಆರು ಜನ 6-4ರಲ್ಲಿ ಸಮನಾದಾಗ ಆರೂ ಜನರ ನಡುವೆ ಪ್ಲೇಆಫ್ ನಡೆಸಿದರು, ಹಬು ಗೆದ್ದು ಸವಾಲು ಹಾಕಿದರು. ಆಗಲೇ ಎಲ್ಲವನ್ನೂ ಗಳಿಸಿದವರಿಗೆ ಇನ್ನೊಂದು ಆಟ ಸಿಗುತ್ತದೆ. ಒಂದು ಆಟದ ಮೇಲೆ ಇಡೀ ಬದುಕು ನಿಂತಿರುವ 3ನೇ ದಾನ್‌ನವರಿಗೆ ಹಿಂದಿನ ಅರ್ಧವರ್ಷದ ಪಟ್ಟಿ ತೋರಿಸುತ್ತಾರೆ. ಕ್ರಮಸಂಖ್ಯೆಯೂ ಆಡಿಯೇ ಗಳಿಸಿದ್ದು ಎನ್ನುತ್ತಾರೆ, ಒಪ್ಪುತ್ತೇನೆ. ಪ್ಲೇಆಫ್‌ನಲ್ಲಿ ಮೊದಲ ನಡೆಯ ಅನುಕೂಲವನ್ನು ಮೇಲಿನ ಸ್ಥಾನದವರಿಗೇ ಕೊಡಲಿ. ಸೆಪ್ಟೆಂಬರ್‌ನಲ್ಲಿ ಒಂದು ದಿನ, ಮಾರ್ಚ್‌ನಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟರೆ ಸಾಕು.